ಒಂದಕ್ಷರದ ನಾಟಕ

ಮಾರ್ಚ್ 3

ಪರದೆ ಬಿತ್ತು! ದೀಪ ಆರಿತು! ಮುಖ್ಯ ಪಾತ್ರಧಾರಿಯ ಬಾಯಿಗೆ ಬೀಗ ಬಿತ್ತು!

ಎಲೈ ಪುಸ್ತಕವೇ, ಕಿವಿಗೊಟ್ಟು ಕೇಳು. ಇಂದಿನಿಂದ ನೀನೇ ನನ್ನ ಸಭಿಕ, ನೀನೇ ನನ್ನ ಸಭಾಂಗಣ. ಮೊನ್ನೆ ನನ್ನ ಗಂಟಲಿನಲ್ಲಿ ಬೆಳೆದಿದ್ದ ಗಂಟುಗಳನ್ನು ಕತ್ತರಿಸಿ ತೆಗೆದರು. ರಾಜನಾಗಿ, ರಾಕ್ಷಸನಾಗಿ, ಸೇನಾಪತಿಯಾಗಿ ಒಂದು ಆಯುಸ್ಸಿನಷ್ಟು ಅಬ್ಬರಿಸಿದ ಗಂಟಲು ಇದು! ಅಪ್ಪನ ನಾಟಕ ಕಂಪನಿಗೆ ಗಂಡುಮಕ್ಕಳಿರಲಿಲ್ಲ. ಇದ್ದವರು ನಾವಿಬ್ಬರು ಹೆಣ್ಣುಮಕ್ಕಳು. ದೊಡ್ಡ ಗಂಟಲಿನ ನನಗೆ ಕಿರೀಟ ಸಿಕ್ಕಿತು. ಸಣ್ಣ ಗಂಟಲಿನ ತಂಗಿಗೆ ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುವ ಕೆಲಸ ಸಿಕ್ಕಿತು. ಮೈಕು ಕೆಟ್ಟ ದಿನವೂ ಕೊನೆಯ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಿದ್ದರು ಎಂದರೆ ಸುಮ್ಮನೆಯೇ?

ಆಸ್ಪತ್ರೆಯಲ್ಲಿ ನಾನಿನ್ನೂ ಮತ್ತಿನಲ್ಲಿದ್ದೆ. ಡಾಕ್ಟರು ಹೇಳಿದ್ದನ್ನೆಲ್ಲ ತಂಗಿಯೇ ಕೇಳಿಸಿಕೊಂಡು ಬಂದಳು. ಮಂಚದ ಅಂಚಿನಲ್ಲಿ ಕೂತು ನನ್ನ ಕೈ ಹಿಡಿದುಕೊಂಡಳು.

“ಅಕ್ಕ, ಒಂದು ಸೊಲ್ಲೂ ಎತ್ತೋ ಹಾಗಿಲ್ಲ. ಪಿಸುಗುಟ್ಟೋ ಹಾಗೂ ಇಲ್ಲ, ಗುನುಗೋ ಹಾಗೂ ಇಲ್ಲ. ಮೇ ತಿಂಗಳು ಹುಟ್ಟೋವರೆಗೆ.”

ಮೇ! ಅಷ್ಟು ಹೊತ್ತಿಗೆ ನಾನು ಮಾತಾಡುವುದನ್ನೇ ಮರೆತು ಬೆಕ್ಕಿನಂತೆ ಮಿಯಾಂವ್ ಎನ್ನುತ್ತೇನೆ! ಕಣ್ಣಲ್ಲಿ ಇಷ್ಟನ್ನೂ ಅಭಿನಯಿಸಿ ತೋರಿಸಿದೆ. ಅವಳು ನಕ್ಕಳು. ಆಮೇಲೆ ಅತ್ತಳು. ಚೀಲದಿಂದ ಮಕ್ಕಳ ಸ್ಲೇಟೊಂದನ್ನು ತೆಗೆದು ನನ್ನ ಎದೆಯ ಮೇಲೆ ಇಟ್ಟಳು. ಊರಿಗೆಲ್ಲ ಸ್ಲೇಟು. ನನಗೆ ಮಾತ್ರ ನೀನು, ಪುಸ್ತಕವೇ.

ಒಡಹುಟ್ಟು ಎಂದರೆ ಇದು.

ಮಾರ್ಚ್ 5

ನನ್ನ ಯಜಮಾನರು ದರ್ಜಿ. ಕಂಪನಿಯ ಬಟ್ಟೆಗಳನ್ನೆಲ್ಲ ಹೊಲಿಯುತ್ತಿದ್ದವರು, ಕಿರೀಟಧಾರಿಯನ್ನೇ ಕಟ್ಟಿಕೊಂಡರು. ಈಗ ಮುಂದಿನ ಕೋಣೆಯಲ್ಲಿ ಮಿಷನ್ನು ಇಟ್ಟುಕೊಂಡು ಬೀದಿಯವರ ಪ್ಯಾಂಟು ಗಿಡ್ಡ ಮಾಡುತ್ತಾರೆ. ಕನ್ನಡಕವಿಲ್ಲದೆ ಅವರಿಗೆ ನನ್ನ ಸ್ಲೇಟು ಕಾಣುವುದಿಲ್ಲ. ಕನ್ನಡಕ ಎಲ್ಲಿಟ್ಟಿದ್ದಾರೆಂಬುದು ಅವರಿಗೆ ಯಾವತ್ತೂ ನೆನಪಿರುವುದಿಲ್ಲ. ಹೀಗಾಗಿ ಈ ಮನೆಯಲ್ಲಿ ಜಗಳ ಈಗ ಕನ್ನಡಕಕ್ಕಾಗಿ ಕಾಯುತ್ತದೆ. ಬೆಳಿಗ್ಗೆ “ನೀರಿನ ಕೊಳಾಯಿ ಬಿಟ್ಟು ಹೋಗಿದ್ದೀರಿ, ಪುಣ್ಯಾತ್ಮರೇ” ಎಂದು ಬರೆದು ಹಿಡಿದು ನಿಂತೆ. ಅವರು ದಿಂಬಿನ ಕೆಳಗೆ, ಮಿಷನ್ನಿನ ಡ್ರಾಯರಿನಲ್ಲಿ, ಕೊನೆಗೆ ತಮ್ಮದೇ ತಲೆಯ ಮೇಲೆ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ನನಗೆ ಕೋಪವೇ ಆರಿಹೋಗಿತ್ತು.

ಕೆಳಮನೆಯಾಕೆ ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದಳು.

“ಏನಮ್ಮಾ, ನಾಲ್ಕು ದಿನದಿಂದ ಸದ್ದೇ ಇಲ್ಲ! ನಾನು ಏನೇನೋ ಅಂದ್ಕೊಂಡೆ.”

ಬದುಕಿದ್ದೇನೆ ಎಂದು ಬರೆದು ತೋರಿಸಿದೆ.

“ಅಯ್ಯೋ, ಇರಿ ಇರಿ, ಚೆನ್ನಾಗಿರಿ. ಆದ್ರೆ ಒಂದು ಮಾತು. ನಮ್ಮ ಮಗು ಮಧ್ಯಾಹ್ನ ಎಷ್ಟು ಸೊಗಸಾಗಿ ಮಲಗ್ತಿದೆ ಗೊತ್ತಾ!”

ಕಲೆಯ ಬೆಲೆ ತಿಳಿಯದವಳು!

ಏಪ್ರಿಲ್ 12ಕ್ಕೆ ಭಾಷಾ ಸಮ್ಮೇಳನದಲ್ಲಿ ನಮ್ಮ ‘ಮಾ’ ನಾಟಕ ಇತ್ತು. ಊರಿನ ಅತಿ ದೊಡ್ಡ ರಂಗಮಂದಿರ, ಹತ್ತಾರು ದೇಶಗಳ ಪಂಡಿತರು. ಆಮೇಲೆ ಬೇರೆ ಬೇರೆ ಊರುಗಳಿಗೆ ಕರೆಯುವ ಮಾತೂ ಇತ್ತು. ಬದುಕಿಡೀ ಕಾದ ಬಾಗಿಲು ಅದು. “ನೀನು ಚಿಂತೆ ಬಿಡು ಅಕ್ಕ, ಸಮ್ಮೇಳನದವರ ಹತ್ರ ಮಾತಾಡಿ ಮುಂದಕ್ಕೆ ಹಾಕಿಸ್ತೀನಿ” ಎಂದಿದ್ದಾಳೆ ತಂಗಿ. ನನ್ನ ಬಾಯಿ ಈಗ ಅವಳೇ.

ಮಾರ್ಚ್ 9

ನಾಟಕದ ಬಗ್ಗೆ ನಿನಗೆ ಹೇಳಿಯೇ ಇಲ್ಲವಲ್ಲ!

ಒಂದು ಮರದ ಪೆಟ್ಟಿಗೆ. ಅದರ ಮೇಲೆ ಇಬ್ಬರು ಹೆಂಗಸರು, ಬೆನ್ನಿಗೆ ಬೆನ್ನು. ನಾಟಕಪೂರ್ತಿ ಆಡುವುದು ಒಂದೇ ಅಕ್ಷರ: ಮಾ. ಒಬ್ಬಳು ಅರಬ್ಬಿಯಲ್ಲಿ ‘ಮಾ?’ ಎಂದು ಕೇಳುತ್ತಾಳೆ, ಏನು ಎಂದರ್ಥ. ಇನ್ನೊಬ್ಬಳು ಹಂಗೇರಿಯ ಮಾತಿನಲ್ಲಿ ‘ಮಾ’ ಎನ್ನುತ್ತಾಳೆ; ಇವತ್ತು. ಇಟಲಿಯವರಿಗೆ ಅದು ‘ಆದರೆ’. ಪೋಲಿಷ್‌ನಲ್ಲಿ ‘ಅವಳ ಬಳಿ ಇದೆ’. ವಿಯೆಟ್ನಾಮಿನಲ್ಲಿ ದೆವ್ವ! ಚೀನೀಯರು ದನಿ ಏರಿಸಿ ಇಳಿಸಿ ಅದರಲ್ಲೇ ತಾಯಿಯನ್ನೂ ಕುದುರೆಯನ್ನೂ ಕಟ್ಟಿಹಾಕುತ್ತಾರೆ. ಎಳೆದರೆ ಒಂದು, ಮೊಟಕಿದರೆ ಇನ್ನೊಂದು. ಅರ್ಥ ಬಾಯಲ್ಲಿ ಹೇಳುವುದಿಲ್ಲ. ಮುಖ, ಮೈ, ಉಸಿರು ಹೇಳಬೇಕು. ಸಂಸ್ಕೃತದ ‘ಮಾ’ ಬಂದಾಗ ನಾನು ತಿರುಗಿ ನಿಂತು ಅಬ್ಬರಿಸುತ್ತೇನೆ: ಬೇಡ! ಮಾಡಬೇಡ! ತೂಗುದೀಪ ಅಲುಗುತ್ತದೆ. ಒಮ್ಮೆ ಮುಂದಿನ ಸಾಲಿನ ಮುದುಕನ ಊರುಗೋಲು ಕೈಜಾರಿ ಬಿದ್ದಿತ್ತು. ಅದೇ ನಾಟಕದ ಜೀವ.

ಇದನ್ನೆಲ್ಲ ಕಟ್ಟಿದ್ದು ನಾನು. ತಂಗಿ ನಾಟಕ ಮುಗಿದ ಮೇಲೆ ಸಭಿಕರ ನಡುವೆ ಹೋಗಿ, ಹಡಗಿನವರು, ದಾದಿಯರು, ಓದಲು ಬಂದವರು, ಯಾರು ಸಿಕ್ಕರೂ “ನಿಮ್ಮಲ್ಲಿ ಮಾ ಅಂದ್ರೇನು?” ಎಂದು ಕೇಳಿಕೊಂಡು ಬರುತ್ತಿದ್ದಳು. ಅವರು ಹೇಳಿದ ಹಾಗೆಯೇ ಹೇಳಿ ಹೇಳಿ ನಾಲಗೆ ಪಳಗಿಸಿಕೊಳ್ಳುತ್ತಿದ್ದಳು. ಪದ ಹೆಕ್ಕುವುದು ಯಾರಿಗೆ ಬೇಕಾದರೂ ಬರುತ್ತದೆ. ಅದಕ್ಕೆ ಗಂಟಲು ಕೊಟ್ಟವಳು ನಾನು!

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲವಷ್ಟೆ. ಯಾರು ಯಾವಾಗ ಹೇಳಬೇಕೆಂದು ತಿಳಿಯುವುದು ಬೆನ್ನಿನಿಂದ. ಅವಳು ಉಸಿರು ಎಳೆದುಕೊಂಡರೆ ನನ್ನ ಬೆನ್ನುಮೂಳೆಗೆ ಗೊತ್ತಾಗುತ್ತದೆ. ಅದು ತಪ್ಪಬಾರದೆಂದೇ ಯಜಮಾನರು ನಮ್ಮಿಬ್ಬರ ಕಪ್ಪು ನಿಲುವಂಗಿಗಳನ್ನು ಬೆನ್ನಿನಲ್ಲಿ ಒಂದು ಅಗಲ ಪಟ್ಟಿಯಿಂದ ಸೇರಿಸಿ ಹೊಲಿದಿದ್ದಾರೆ. ಹಾಕಿಕೊಳ್ಳುವುದೂ ಒಟ್ಟಿಗೆ, ಬಿಚ್ಚುವುದೂ ಒಟ್ಟಿಗೆ. ಒಬ್ಬಳಿಗೆ ಬಚ್ಚಲಿಗೆ ಹೋಗಬೇಕೆನಿಸಿದರೆ ಇಬ್ಬರೂ ಮೆರವಣಿಗೆ ಹೊರಡಬೇಕು!

ಇವತ್ತು ತಂಗಿ ಬಂದು, “ಅಕ್ಕ, ಅಭ್ಯಾಸ ತಪ್ಪಬಾರದು. ನೀನು ಸುಮ್ನೆ ಬೆನ್ನಿಗೆ ನಿಲ್ಲು. ಉಸಿರಾಡು, ಸಾಕು. ನಿನ್ನ ಮಾತಿನ ಜಾಗದಲ್ಲಿ ನಾನು ಸುಮ್ಮನಿರ್ತೀನಿ” ಎಂದಳು. ಎರಡು ಸಲ ಆಡಿದೆವು. ನಾನು ಮೂಕಿ, ಅವಳು ತನ್ನವನ್ನು ಹೇಳುವುದು, ನನ್ನವಕ್ಕೆ ಕಾಯುವುದು. ನನ್ನ ಜಾಗ ಬೆಚ್ಚಗಿರಲೆಂದು ಎಷ್ಟು ಕಾಳಜಿ ಅವಳಿಗೆ!

ಮಾರ್ಚ್ 14

ಏನೂ ಇಲ್ಲ. ಸ್ಲೇಟಿನ ಮೂಲೆ ಒಡೆಯಿತು. ಯಜಮಾನರ ತಲೆಗಲ್ಲ, ಅಷ್ಟು ಅದೃಷ್ಟ ನನಗಿಲ್ಲ. ಕೈಜಾರಿ ನೆಲಕ್ಕೆ.

ಮಾರ್ಚ್ 17

ಯಜಮಾನರು ಹೊಲಿಯುವಾಗ ಗುನುಗುತ್ತಾರೆ. ಇಷ್ಟು ವರ್ಷ ಅದು ಮಿಷನ್ನಿನ ಸದ್ದು ಎಂದುಕೊಂಡಿದ್ದೆ. ಮಿಷನ್ನು ನಿಂತ ಮೇಲೂ ಸ್ವಲ್ಪ ಹೊತ್ತು ಮುಂದುವರಿಯಿತು. ಯಾವ ಹಾಡೆಂದು ಕೇಳಲು ಸ್ಲೇಟು ಹುಡುಕಿದೆ. ಸಿಗುವಷ್ಟರಲ್ಲಿ ಮುಗಿದಿತ್ತು.

ಅಪ್ಪ ನೆನಪಾದ. ಅಪ್ಪ ನನ್ನ ಕಪಾಳಕ್ಕೆ ಬಾರಿಸಿದ್ದು ಜೀವಮಾನದಲ್ಲಿ ಒಂದೇ ಸಲ. ಕುರುಡು ರಾಜನ ಪಾತ್ರ ಮಾಡುತ್ತಿದ್ದ ಮುದಿ ನಟ ರಂಗದ ನಡುವೆ ತಡೆದು ನಿಂತ. ಮರೆತಿದ್ದಾನೆಂದುಕೊಂಡು ನಾನು ನುಗ್ಗಿ ನನ್ನ ಮಾತು ಒದರಿಬಿಟ್ಟೆ. ಪರದೆ ಬಿದ್ದದ್ದೇ ತಡ, ಫಟಾರ್!

“ಇನ್ನೊಬ್ಬರ ಮಾತಿನ ಮೇಲೆ ಬಿದ್ರೆ ಬೈಸಿಕೊಂಡು ಸುಮ್ಮನಿರು. ಇನ್ನೊಬ್ಬರ ಮೌನದ ಮೇಲೆ ಬಿದ್ರೆ ಗಂಟುಮೂಟೆ ಕಟ್ಟು. ನನ್ನ ಕಂಪನೀಲಿ ಅದೊಂದೇ ಕಾನೂನು!”

ಆಮೇಲೆ ನಾನು ಯಾರ ಮೌನದ ಮೇಲೂ ಕಾಲಿಟ್ಟವಳಲ್ಲ. ತಂಗಿಯ ಮಾತು ಬೇರೆ. ಅವಳು ಮೌನವಾಗಿರುವುದಲ್ಲ, ಅವಳಿಗೆ ಬಾಯಿ ನಿಧಾನ. ಅದಕ್ಕೇ ನಾನು ತುಂಬಿಸಿಕೊಡುತ್ತಿದ್ದೆ. ಜಪಾನಿನವರಿಗೆ ‘ಮಾ’ ಎಂದರೆ ನಡುವಿನ ತೆರವಂತೆ. ಎರಡು ಸದ್ದಿನ ನಡುವೆ, ಎರಡು ವಸ್ತುವಿನ ನಡುವೆ ಬಿಟ್ಟ ಜಾಗ. ಅದನ್ನು ನಾಟಕದ ಕೊನೆಗಿಟ್ಟು, ಇಬ್ಬರೂ ಸುಮ್ಮನೆ ನಿಂತು ಐದಾರು ಉಸಿರು ಬಿಡೋಣ ಎಂದಿದ್ದಳು. ನಾನು ಒಂದೇ ಉಸಿರಿಗೆ ಮುಗಿಸಿದೆ. ಜನ ಕೆಮ್ಮಲು ಶುರುಮಾಡಿದರೆ ಮುಗೀತು ಕಥೆ! ಕೆಮ್ಮು ಒಂದು ಸಾಲಿನಿಂದ ಇನ್ನೊಂದಕ್ಕೆ ಹಬ್ಬುತ್ತದೆ.

ಮಾರ್ಚ್ 25

ದ್ರೋಹ! ಮಹಾದ್ರೋಹ! ಅರಮನೆಯ ಒಳಗೇ ಶತ್ರು!

ಬೆಳಿಗ್ಗೆ ಮುಂದಿನ ಕೋಣೆ ಗುಡಿಸುವಾಗ ಮಿಷನ್ನಿನ ಕೆಳಗೆ ಕಪ್ಪು ದಾರದ ತುಂಡುಗಳು ಸಿಕ್ಕವು. ಪ್ಯಾಂಟಿನ ದಾರವಲ್ಲ. ಎರಡೆಳೆ ಹುರಿ ಹಾಕಿದ, ಮೇಣ ಸವರಿದ ದಾರ. ಅದನ್ನು ಈ ಮನೆಯಲ್ಲಿ ಒಂದೇ ಒಂದು ಹೊಲಿಗೆಗೆ ಬಳಸಿದ್ದಾರೆ. ಕಪಾಟು ತೆಗೆದೆ. ನಮ್ಮ ಜೋಡಿ ನಿಲುವಂಗಿ ನೇತಾಡುವ ಜಾಗದಲ್ಲಿ ನನ್ನ ಅರ್ಧ ಮಾತ್ರ ನೇತಾಡುತ್ತಿತ್ತು, ಬೆನ್ನು ಬೋಳು ಮಾಡಿಕೊಂಡು.

ಸ್ಲೇಟಿನ ಮೇಲೆ ಬರೆದೆ: ಯಾರು ಬಿಚ್ಚಿದ್ದು?

“ಕನ್ನಡಕ ಎಲ್ಲೋ ಇಟ್ಟೆ ಕಣೇ...”

ಕನ್ನಡಕ ಅವರ ಮೂಗಿನ ಮೇಲೇ ಇತ್ತು! ನಾನು ಸ್ಲೇಟನ್ನು ಮುಖದ ಹತ್ತಿರ, ಇನ್ನೂ ಹತ್ತಿರ, ಮೂಗಿಗೆ ಬಳಪ ತಾಗುವಷ್ಟು ಹತ್ತಿರ ಒಯ್ದೆ.

“ಅವಳು ಕೇಳಿದ್ಲು, ಬಿಚ್ಚಿಕೊಟ್ಟೆ. ದರ್ಜಿ ಕೆಲಸ ಅಷ್ಟೇ ಅಲ್ವಾ.”

ಯಾಕೆ ಎಂದು ಬರೆದೆ. ಅವರು ಸೂಜಿಗೆ ದಾರ ಪೋಣಿಸುತ್ತ ಬಹಳ ಹೊತ್ತು ಕೂತರು. ದಾರ ಆಗಲೇ ಪೋಣಿಸಿಯಾಗಿತ್ತು.

“ಸಮ್ಮೇಳನ ಮುಂದಕ್ಕೆ ಹೋಗಿಲ್ಲ. ಅವಳು ಒಬ್ಬಳೇ ಮಾಡ್ತಾಳಂತೆ. ನಿನಗೆ ಈಗ್ಲೇ ಹೇಳಿದ್ರೆ ಕೂಗಾಡಿ ಗಂಟಲು ಹಾಳು ಮಾಡ್ಕೊತೀಯ ಅಂದ್ಲು. ನನಗೂ ಹೌದು ಅನ್ನಿಸ್ತು.” ಆಮೇಲೆ, ಅದೇ ದೊಡ್ಡ ಅಪರಾಧವೇನೋ ಎಂಬಂತೆ ತಲೆ ತಗ್ಗಿಸಿ ಹೇಳಿದರು: “ಕಿತ್ತ ಅಂಚನ್ನ ಮಡಚಿ ಹೊಲಿಯೋಕೂ ಬಿಡ್ಲಿಲ್ಲ ಮಾರಾಯ್ತಿ. ದಾರ ಹಾಗೇ ಜೋತಾಡ್ಲಿ ಅಂದ್ಲು. ನನ್ನ ಕೈಯಿಂದ ಅಂಥ ಬಟ್ಟೆ ಯಾವತ್ತೂ ಹೊರಗೆ ಹೋಗಿಲ್ಲ.”

ಅವರಿಗೆ ಅಂಚಿನ ಚಿಂತೆ!

ನಾನು ಬೆನ್ನು ಕೊಟ್ಟು ನಿಂತಿದ್ದಾಗ ಅವಳು ಅಭ್ಯಾಸ ಮಾಡಿದ್ದು ಏನೆಂದು ಈಗ ತಿಳಿಯಿತು. ನನ್ನ ಜಾಗ ಕಾಯುತ್ತಿರಲಿಲ್ಲ. ನಾನಿಲ್ಲದೆ ಹೇಗಿರುತ್ತದೆಂದು ಅಳತೆ ತೆಗೆದುಕೊಳ್ಳುತ್ತಿದ್ದಳು. ನನ್ನ ಬೆನ್ನಿನ ಮೇಲೇ!

ಮಾರ್ಚ್ 27

ಗಂಟಲಿನ ಡಾಕ್ಟರ ಬಳಿಗೆ ಒಬ್ಬಳೇ ಹೋದೆ. ಏಪ್ರಿಲ್ ಹನ್ನೆರಡರ ಹೊತ್ತಿಗೆ ಹೇಗಾದರೂ ಮಾಡಿ ನನಗೆ ದನಿ ಕೊಡಿ, ಸಾಲ ಕೊಡಿ, ಮತ್ತೆ ಬೇಕಾದರೆ ಕಿತ್ತುಕೊಳ್ಳಿ ಎಂದು ಸ್ಲೇಟಿನ ಎರಡೂ ಮಗ್ಗುಲು ತುಂಬಾ ಬರೆದುಕೊಂಡು ಹೋಗಿದ್ದೆ. ಡಾಕ್ಟರಮ್ಮ ಓದಿ, ನನ್ನ ಮುಖ ನೋಡಿ, ಮತ್ತೆ ಓದಿದರು.

“ಇದೇನಮ್ಮಾ, ಇನ್ನೂ ಸ್ಲೇಟು ಹಿಡ್ಕೊಂಡಿದ್ದೀರಿ? ಎರಡನೇ ವಾರ ಮುಗಿದ ಮೇಲೆ ಗುನುಗೋಕೆ ಶುರು ಮಾಡಿ ಅಂದಿದ್ನಲ್ಲ. ಆಮೇಲೆ ನಿಧಾನಕ್ಕೆ ಮಾತು. ನಿಮ್ಮ ತಂಗಿಗೆ ಎರಡು ಸಲ ಬಿಡಿಸಿ ಹೇಳಿದ್ದೆ. ಅವ್ರು ತಲೆ ಅಲ್ಲಾಡಿಸಿದ್ರು.”

ಕುರ್ಚಿಯ ತೋಳು ಹಿಡಿದುಕೊಂಡೆ.

“ಸರಿ, ಈಗ ಶುರು ಮಾಡೋಣ. ತುಟಿ ಮುಚ್ಚಿ ‘ಮ್’ ಅನ್ನಿ. ಮೂಗಿನ ಮೇಲೆ ಬೆರಳಿಡಿ, ನಡುಗೋದು ಗೊತ್ತಾಗ್ಬೇಕು. ಹಾಂ. ಈಗ ಹಾಗೇ ಬಾಯಿ ಬಿಡಿ. ಮಾ.”

ಲೋಕದಲ್ಲಿ ಅಷ್ಟು ಅಕ್ಷರಗಳಿದ್ದವು.

“ಯಾಕೆ ಅಳ್ತೀರಿ? ಎಲ್ಲರಿಗೂ ಇದೇ ಕೊಡೋದು, ಗಂಟಲಿಗೆ ಇದೇ ಹಗುರ. ಹೇಳಿ, ಮಾ.”

ಹೇಳಲಿಲ್ಲ. ‘ಮ್’ ತನಕ ಮಾತ್ರ ಹೋದೆ. ಅವರು ಬಾಗಿಲ ತನಕ ಬಂದು ಎಚ್ಚರಿಸಿದರು. “ಗುನುಗಿ, ಮೆಲ್ಲಗೆ ಮಾತಾಡಿ. ಆದ್ರೆ ಕೂಗಿದ್ರೋ, ಹೊಸ ಚರ್ಮ ಕಿತ್ತುಬರತ್ತೆ. ಆಮೇಲೆ ನಾನೂ ಏನೂ ಮಾಡೋಕಾಗಲ್ಲ. ಒಂದೇ ಒಂದು ಕೂಗು ಸಾಕು.”

ಅವಳು ನನ್ನ ಬಾಯಿಯಾಗಿದ್ದಳು. ಡಾಕ್ಟರ ಮಾತನ್ನು ನನಗೆ ತಂದುಕೊಡಬೇಕಿದ್ದವಳು. ಎಷ್ಟೋ ದೇಶದ ಪದಗಳನ್ನು ಒಂದು ಚೂರೂ ಕೆಡದಂತೆ ಹೊತ್ತು ತಂದ ನಾಲಗೆ, ನಮ್ಮದೇ ಮಾತಿನ ಒಂದು ವಾಕ್ಯವನ್ನು ದಾರಿಯಲ್ಲಿ ಬದಲಾಯಿಸಿತು.

ಒಂದೇ ಒಂದು ಕೂಗು ಸಾಕಂತೆ. ನನಗೂ ಒಂದೇ ಸಾಕು.

ಏಪ್ರಿಲ್ 2

ಬಚ್ಚಲಲ್ಲಿ ಕೊಳಾಯಿ ಬಿಟ್ಟುಕೊಂಡು ಗುನುಗುತ್ತೇನೆ. ದಿನದಿನಕ್ಕೂ ಮೂಗಿನ ಮೇಲಿನ ನಡುಕ ದಪ್ಪವಾಗುತ್ತಿದೆ. ಯಜಮಾನರಿಗೂ ಹೇಳಿಲ್ಲ. ಅವರೂ ಒಮ್ಮೆ ಕತ್ತರಿ ಹಿಡಿದವರೇ.

ನನ್ನ ವ್ಯೂಹ ಹೀಗಿದೆ. ಹನ್ನೆರಡನೆಯ ತಾರೀಕು ಕೊನೆಯ ಸಾಲಿನಲ್ಲಿ ಮುಸುಕು ಹಾಕಿ ಕೂರುತ್ತೇನೆ. ಸಂಸ್ಕೃತದ ‘ಮಾ’ ಬರುವ ಹೊತ್ತಿಗೆ ಎದ್ದು ನಿಂತು, ಆ ಪಂಡಿತರೆಲ್ಲರ ಎದುರಿಗೆ, ಅದು ಯಾರ ಮಾತೆಂದು ತೋರಿಸುತ್ತೇನೆ. ದೀಪ ಅಲುಗಬೇಕು. ಅವಳು ಪೆಟ್ಟಿಗೆಯಿಂದ ಬೀಳಬೇಕು. ಆಮೇಲೆ ಗಂಟಲು ಹೋದರೆ ಹೋಗಲಿ! ಮಹಾಯೋಧರು ಕೊನೆಯ ಬಾಣ ಬಿಟ್ಟೇ ಸಾಯುವುದು.

ಸಂಜೆ ಅವಳು ಬಂದಳು. ಕುರ್ಚಿಯಲ್ಲಿ ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತಳು.

“ಹೇಗಿದ್ದೀಯ ಅಕ್ಕ?”

ಸ್ಲೇಟಿನಲ್ಲಿ ಬರೆದೆ: ಡಾಕ್ಟರು ಏನಂದರು?

“ಅದೇ ಅಕ್ಕ. ಮೇ ತಿಂಗಳವರೆಗೆ. ಇನ್ನೊಂದು ಸ್ವಲ್ಪ ದಿನ, ಅಷ್ಟೇ.”

ಅಳಿಸಿ ಬರೆದೆ: ಸರಿ.

ಮುಗುಳ್ನಕ್ಕೆ. ಕಣ್ಣರಳಿಸಲಿಲ್ಲ, ಹುಬ್ಬು ಏರಿಸಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿ ಹೋದಳು. ಏನೂ ಸಿಕ್ಕಿರಲಾರದು. ನನ್ನ ಜೀವಮಾನದ ಅತ್ಯುತ್ತಮ ಅಭಿನಯಕ್ಕೆ ಒಂದು ಚಪ್ಪಾಳೆಯೂ ಇಲ್ಲ.

ಏಪ್ರಿಲ್ 8

ಕೆಳಮನೆಯ ಮಗು ಮಧ್ಯಾಹ್ನ ಎದ್ದು ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತದೆ. ಆಮೇಲೆ ನಿಲ್ಲಿಸಿ, ಉತ್ತರಕ್ಕೆ ಕಾಯುತ್ತದೆ. ಮತ್ತೆ ಶುರು. ಯಾರೂ ಉತ್ತರ ಕೊಡುವುದಿಲ್ಲ, ಅದಕ್ಕೆ ಬೇಸರವಿಲ್ಲ.

ಯಜಮಾನರ ಹಾಡು ನಮ್ಮ ಮದುವೆಯ ವರ್ಷದ ನಾಟಕದ್ದು. ಸ್ತ್ರೀ ಪಾತ್ರದ ಹಾಡು. ನನ್ನದಲ್ಲ.

ಏಪ್ರಿಲ್ 12, ಬೆಳಿಗ್ಗೆ

ಇವತ್ತು. ಹಂಗೇರಿಯವರ ‘ಮಾ’.

ಮುಸುಕು ಇಸ್ತ್ರಿ ಮಾಡಿಟ್ಟಿದ್ದೇನೆ.

ಏಪ್ರಿಲ್ 13

ಬರೆಯುತ್ತೇನೆ. ಕ್ರಮವಾಗಿ ಬರೆಯುತ್ತೇನೆ.

ಹೊರಡುವಾಗ ಯಜಮಾನರು ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದರು. ಎಲ್ಲಿಗೆಂದು ಕೇಳಲಿಲ್ಲ. ಜೊತೆಗೆ ಬಂದರು. ಕೊನೆಯ ಸಾಲಿನಲ್ಲಿ ಇಬ್ಬರೂ ಕೂತೆವು. ಸಭೆ ತುಂಬಿತ್ತು. ಎಷ್ಟು ಬಗೆಯ ಮಾತು ಸುತ್ತಲೂ! ದೀಪ ಆರಿತು.

ಒಂದು ಪೆಟ್ಟಿಗೆ. ಅದರ ಮೇಲೆ ಅವಳು. ಪೆಟ್ಟಿಗೆಯ ನಡುವೆ ನಿಂತಿರಲಿಲ್ಲ. ತನ್ನ ಅಂಚಿನಲ್ಲಿ, ನಾನು ಹಿಂದೆ ಇದ್ದಿದ್ದರೆ ಎಲ್ಲಿ ನಿಲ್ಲುತ್ತಿದ್ದಳೋ ಅಲ್ಲಿಯೇ ನಿಂತಿದ್ದಳು. ಹಿಂದೆ ಒಬ್ಬ ಹೆಂಗಸು ಹಿಡಿಸುವಷ್ಟು ಜಾಗ. ಅವಳ ಬೆನ್ನಿನಿಂದ ಕಪ್ಪು ಪಟ್ಟಿಯ ಹರಕು ಅಂಚು, ದಾರಗಳು ಜೋತಾಡುತ್ತಿದ್ದವು. “ನೋಡು, ನೋಡು, ಹೇಗೆ ಕಾಣ್ತಿದೆ” ಎಂದು ಯಜಮಾನರು ನಾಚಿಕೆಯಿಂದ ಗೊಣಗಿದರು.

ನನ್ನನ್ನು ಕಿತ್ತ ಗುರುತನ್ನೂ ಅವಳು ಒಡವೆ ಮಾಡಿಕೊಂಡಿದ್ದಳು.

‘ಮಾ?’ ಎಂದು ಕೇಳಿದಳು. ಏನು? ನಾನು ಉತ್ತರ ಕೊಡುವ ಜಾಗ ಅದು. ಅವಳು ಕಾದಳು. ಬೆನ್ನು ತುಸು ಹಿಂದಕ್ಕೆ ಬಾಗಿತು, ಒರಗಲು ಏನೂ ಸಿಗದೆ ನಿಂತಿತು. ಸಭೆಗೆ ಸಭೆಯೇ ಮುಂದಕ್ಕೆ ಬಾಗಿತು. ಆಮೇಲೆ ಅವಳು, ಉತ್ತರ ಸಿಕ್ಕವಳಂತೆ, ತನ್ನ ಮುಂದಿನ, ಇಟಲಿಯವರ ‘ಮಾ’ ಹೇಳಿದಳು. ಆದರೆ. ನಾನು ಕೊಡದ ಉತ್ತರಕ್ಕೆ ಅವಳು ‘ಆದರೆ’ ಎಂದಳು, ಜನ ನಕ್ಕರು. ದೆವ್ವದ ‘ಮಾ’ಗೆ ಅವಳು ಬೆನ್ನ ಹಿಂದಿನ ಜಾಗವನ್ನು ಕೈಯಿಂದ ಮುಟ್ಟಿದಳು, ಜನ ನಗಲಿಲ್ಲ.

ನನ್ನ ಬದಲಿಗೆ ಯಾರನ್ನಾದರೂ ತಂದಿದ್ದರೆ ಅವಳ ಜುಟ್ಟು ಹಿಡಿದು ಜಗಳವಾಡುತ್ತಿದ್ದೆ. ಅವಳು ಯಾರನ್ನೂ ತಂದಿರಲಿಲ್ಲ. ಯಾರೂ ಬೇಕಾಗಿರಲಿಲ್ಲ. ನನ್ನ ಜಾಗದಲ್ಲಿ ಏನೂ ಇಲ್ಲದ್ದು ನಿಂತು, ನನಗಿಂತ ಚೆನ್ನಾಗಿ ಅಭಿನಯಿಸುತ್ತಿತ್ತು.

ಪಾರಸಿಯಲ್ಲಿ ‘ಮಾ’ ಎಂದರೆ ‘ನಾವು’. ಎಸ್ಟೋನಿಯದವರಿಗೆ ‘ನಾನು’. ಫ್ರೆಂಚರಿಗೆ ‘ನನ್ನ’. ಮೂರೂ ಒಂದರ ಹಿಂದೆ ಒಂದು ಬರುತ್ತವೆ. ಮೂರನ್ನೂ ನಾನು ಒಂದೇ ಏಟಿಗೆ ಕುದುರೆ ಓಡಿಸಿದ ಹಾಗೆ ಮುಗಿಸುತ್ತಿದ್ದೆ. ಅವಳು ‘ನಾವು’ ಎಂದು ಹೇಳಿ ನಿಂತಳು. ‘ನಾನು’ ಎನ್ನಲು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದಳು. ‘ನನ್ನ’ ಎನ್ನುವಷ್ಟರಲ್ಲಿ ಅವಳ ದನಿ ಕೊನೆಯ ಸಾಲಿಗೆ ಕೇಳಿಸಲೇ ಇಲ್ಲ. ನನಗೆ ಕೇಳಿಸಿತು.

ಆಮೇಲೆ ಸಂಸ್ಕೃತದ್ದು ಬಂತು. ಅವಳು ಸಭೆಯತ್ತ ತಿರುಗಿ, ತುಟಿ ಬಿಗಿದು ನಿಂತಳು. ನನ್ನ ಜಾಗ. ನಾನು ಎದ್ದೆ. ಮುಸುಕು ಜಾರಿತು. ಎದೆ ತುಂಬಾ ಗಾಳಿ ತುಂಬಿಕೊಂಡೆ, ತುಟಿ ಮುಚ್ಚಿದೆ, ಮೂಗು ನಡುಗಿತು.

ಅವಳು ನೇರ ನನ್ನನ್ನೇ ನೋಡುತ್ತಿದ್ದಳು. ಕತ್ತಲ ಸಭೆಯ ಕೊನೆಯಲ್ಲಿ ಅವಳಿಗೆ ಹೇಗೆ ಕಂಡೆನೋ! ನೋಡುತ್ತ, ಏನೂ ಹೇಳದೆ, ಕಾಯುತ್ತಿದ್ದಳು. ಕಣ್ಣು ರೆಪ್ಪೆ ಬಡಿಯಲಿಲ್ಲ. ಮುಂದೆ ಎಲ್ಲೋ ಯಾರೋ ಬಿಕ್ಕಿದರು.

ಸರಿಯಾಗಿತ್ತು. ಆ ಮೌನ ಸರಿಯಾಗಿತ್ತು. ಅಪ್ಪನ ಅಂಗೈ ನನ್ನ ಕಪಾಳದ ಮೇಲೆ ಉರಿಯಿತು. ಬಾಯಿ ಬಿಡಲು ಆಗಲಿಲ್ಲ ನನಗೆ. ಸೇಡಿಗೆಂದು ಸಾಕಿದ ಗಂಟಲು ತಯಾರಾಗಿತ್ತು. ಕಂಪನಿಯಲ್ಲಿ ಬೆಳೆದ ಕಿವಿ ಬಿಡಲಿಲ್ಲ. ನನ್ನ ಕಿವಿಯೂ ಅವಳ ಕಡೆ ಸೇರಿತು.

ಕೂತೆ. ಕೊನೆಯ ಜಪಾನಿನ ‘ಮಾ’ಗೆ ಅವಳು ಐದಾರು ಉಸಿರಲ್ಲ, ಇನ್ನೂ ಹೆಚ್ಚು ನಿಂತಳು. ಯಾರೂ ಕೆಮ್ಮಲಿಲ್ಲ.

ಬಣ್ಣದ ಕೋಣೆಗೆ ಹೋದೆ. ಅವಳು ಕನ್ನಡಿಯ ಮುಂದೆ ಕೂತಿದ್ದಳು, ನನ್ನನ್ನು ಕನ್ನಡಿಯಲ್ಲೇ ನೋಡಿದಳು.

“ಬೈಯಿ ಅಕ್ಕ. ನಿನಗೆ ಮಾತು ಬರತ್ತೆ ಅಂತ ಗೊತ್ತು. ನೀನು ಹೋದ ದಿನವೇ ಡಾಕ್ಟ್ರು ಫೋನ್ ಮಾಡಿ ನನ್ನ ಜನ್ಮ ಜಾಲಾಡಿದ್ರು.”

ಹಾಗಾದರೆ ಆ ಸಂಜೆ ಬಾಗಿಲಿಗೆ ಒರಗಿ ನಿಂತು ಸುಳ್ಳು ಹೇಳಿದಾಗ, ನನಗೆ ತಿಳಿದಿದೆ ಎಂದು ಅವಳಿಗೆ ತಿಳಿದಿತ್ತು! ನನ್ನ ‘ಸರಿ’ಯನ್ನು, ನನ್ನ ಆ ಮುಗುಳ್ನಗೆಯನ್ನು, ಅವಳು ಮೊದಲ ಸಾಲಿನಲ್ಲಿ ಕೂತು ನೋಡಿದ್ದಳು.

“ನೀನು ಬಂದೇ ಬರ್ತೀಯ, ಕೂಗೇ ಕೂಗ್ತೀಯ ಅಂತ ಗೊತ್ತಿತ್ತು. ಪ್ರತಿ ‘ಮಾ’ಗೂ, ಈಗ ಕೂಗ್ತಾಳೆ, ಈಗ ಕೂಗ್ತಾಳೆ ಅಂತ ಬೆನ್ನು ಜುಂ ಅಂತಿತ್ತು. ಜನ ನೋಡಿದ್ದು ಅದನ್ನೇ ಅಕ್ಕ. ನಾನು ಅಭಿನಯ ಮಾಡ್ಲಿಲ್ಲ.” ಅವಳು ತಿರುಗಿದಳು. “ಸುಳ್ಳು ಹೇಳಿದ್ದು ತಪ್ಪು. ಕ್ಷಮಿಸು ಅಂತ ಕೇಳಲ್ಲ. ಒಂದೇ ಒಂದ್ಸಲ ನಾನು ಹೇಳೋ ಮಾತು ನಂಗೆ ಕೇಳಿಸ್ಬೇಕಿತ್ತು.”

ಬೇರೆ ಊರುಗಳಿಗೂ ಒಪ್ಪಿಕೊಂಡಿದ್ದಾಳೆ. ನಾಳಿದ್ದು ಹೊರಡುತ್ತಾಳೆ. ಒಬ್ಬಳೇ.

ನನ್ನ ಗಂಟಲನ್ನು ಕಟ್ಟಿಹಾಕಿದ್ದು ಸಾಲದೆಂದು, ನನ್ನ ಕೋಪವನ್ನೂ ಹೊತ್ತೊಯ್ದು ರಂಗಕ್ಕೆ ಹತ್ತಿಸಿದಳು. ಸ್ಲೇಟು ತಂದಿರಲಿಲ್ಲ. ಹೇಳಲು ಬಹಳ ಇತ್ತು. ಏನೂ ಹೇಳದೆ ಹೊರಗೆ ಬಂದೆ. ಯಜಮಾನರು ದಾರಿಯುದ್ದಕ್ಕೂ ನನ್ನ ಒಂದು ಹೆಜ್ಜೆ ಹಿಂದೆ ಬಂದರು.

ಏಪ್ರಿಲ್ 16

“ಹೊಲಿದುಕೊಡ್ಲಾ?” ಎಂದರು ಯಜಮಾನರು, ನನ್ನ ಅರ್ಧದ ನಿಲುವಂಗಿ ಹಿಡಿದು. ಯಾವುದಕ್ಕೆ ಹೊಲಿಯುತ್ತಾರೆ?

ಬೇಡವೆಂದು ತಲೆಯಾಡಿಸಿದೆ. ಸ್ಲೇಟು ಬೇಕಾಗಲಿಲ್ಲ.

ಏಪ್ರಿಲ್ 19

ಮಳೆ ಬರುವ ಹಾಗಿತ್ತು, ಬರಲಿಲ್ಲ.

ಏಪ್ರಿಲ್ 23

ಮಧ್ಯಾಹ್ನ ಫೋನು ಬಂತು. ಯಜಮಾನರು ಎತ್ತಿಕೊಂಡು, ಕೇಳಿ, ಏನೂ ಹೇಳದೆ ನನ್ನ ಕೈಗಿತ್ತರು. ಬಾಯಲ್ಲಿ ಗುಂಡುಸೂಜಿಗಳಿದ್ದವು.

“ಅಕ್ಕ, ಇದ್ದೀಯಾ?”

ಉಸಿರಾಡಿದೆ.

“ಇದ್ದೀಯ.” ಅವಳೂ ಉಸಿರು ಬಿಟ್ಟಳು. ಯಾವುದೋ ಊರಿನ ಯಾವುದೋ ಕೋಣೆ. ಹಿಂದೆ ಯಾರೋ ಕುರ್ಚಿ ಎಳೆದಾಡುತ್ತಿದ್ದರು. “ನಿನ್ನೆ ಇಲ್ಲಿ ಆಡಿದೆ. ಕೆಟ್ಟುಹೋಯ್ತು ಅಕ್ಕ. ಎಲ್ಲ ಹಾಗೇ ಮಾಡಿದೆ, ಅಷ್ಟೇ ಹೊತ್ತು ನಿಂತೆ. ಆದ್ರೆ ನೀನು ಕೂಗಲ್ಲ ಅಂತ ಗೊತ್ತಿತ್ತಲ್ಲ. ಹಿಂದೆ ಬರೀ ಖಾಲಿ ಇತ್ತು.” ದನಿ ತಗ್ಗಿಸಿದಳು. “ಜನ ಕೆಮ್ಮಿದ್ರು.”

ನಗು ಬರಬೇಕಿತ್ತು. ಬಂತೋ ಏನೋ.

“ಬಾ ಅಕ್ಕ. ಬೆನ್ನಿಗೆ ನಿಲ್ಲೋಕೆ ಮನಸ್ಸಿಲ್ಲದಿದ್ರೆ ಬೇಡ. ಕೊನೇ ಸಾಲಲ್ಲಿ ಕೂತ್ಕೋ. ಕೂಗ್ಬೇಕು ಅನ್ನಿಸಿದ್ರೆ ಕೂಗು. ಕೂಗ್ತೀಯೋ ಇಲ್ವೋ ಅಂತ ನಂಗೆ ಗೊತ್ತಿರ್ಬಾರ್ದು, ಅಷ್ಟೇ. ಬರ್ತೀಯಾ?”

ಕೆಳಮನೆಯ ಮಗು ಎದ್ದು ತನ್ನ ಭಾಷಣ ಶುರು ಮಾಡಿತ್ತು. ಅದು ನಿಲ್ಲಿಸುವ ತನಕ ಕಾದೆ. ತುಟಿ ಮುಚ್ಚಿದೆ. ಮೂಗಿನ ಮೇಲೆ ನಡುಕ ಬಂತು. ಡಾಕ್ಟರಮ್ಮ ಹೇಳಿದ ಹಾಗೆಯೇ, ಮೆಲ್ಲಗೆ, ಬಾಯಿ ಬಿಟ್ಟೆ.

“ಮಾ.”

ನನ್ನ ದನಿ ಅದು. ಸಣ್ಣಗಿತ್ತು. ಗುರುತು ಸಿಗಲಿಲ್ಲ ನನಗೆ. ಮುಂದಿನ ಕೋಣೆಯಲ್ಲಿ ಮಿಷನ್ನು ನಿಂತಿತು.

ಆ ಕಡೆ ಅವಳ ಉಸಿರು ಸಿಕ್ಕಿಕೊಂಡಿತು. “ಯಾವುದು ಅಕ್ಕ?” ಎಂದಳು. “ಅಕ್ಕ, ಯಾವ ಮಾ ಅದು? ಬೇಡ ಅಂತಲಾ? ಇವತ್ತು ಅಂತಲಾ? ನಾವು ಅಂತಲಾ? ಹೇಳು. ಯಾವ ಭಾಷೇದು?”

ಹೇಳಲಿಲ್ಲ. ಈ ಪುಸ್ತಕಕ್ಕೂ ಹೇಳುವುದಿಲ್ಲ.

ಫೋನನ್ನು ಕೆಳಗಿಡಲಿಲ್ಲ. ಕಿವಿಗೆ ಹಿಡಿದುಕೊಂಡು ಸುಮ್ಮನೆ ಕೂತೆ. ಅವಳೂ ಸುಮ್ಮನಾದಳು. ಕುರ್ಚಿ ಎಳೆಯುವ ಸದ್ದೂ ನಿಂತಿತ್ತು.

ಎಷ್ಟು ಹೊತ್ತಾಯಿತೋ. ಆ ಕಡೆ ಯಾರೂ ಕೆಮ್ಮಲಿಲ್ಲ.